ಎಡಗಡೆ ಸೀಟಿಗೆ ಬ್ರೇಕ್ ಇರುವುದಿಲ್ಲ

ಕಳೆದ ವಾರ ನನ್ನ ಅರ್ಧ ಮೀಸೆ ಹೋಯಿತು.

ರಾಯಚೂರಿನಲ್ಲಿ ಇಪ್ಪತ್ತು ವರ್ಷದಿಂದ ಹೋಗುವ ಅದೇ ಕಟಿಂಗ್ ಶಾಪು, ಅದೇ ಕುರ್ಚಿ. ಮಲ್ಲಣ್ಣ ನನ್ನ ಮೂಗಿನ ಕೆಳಗೆ ಕತ್ತಿ ಹಿಡಿದು ಮೀಸೆಯ ಅಂಚು ಸರಿಮಾಡುತ್ತಿದ್ದ. ಹೊರಗೆ ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯಿತು. ಅಷ್ಟೇ ನೋಡಿ. ನನ್ನ ಬಲಗಾಲು ನನ್ನನ್ನು ಒಂದು ಮಾತೂ ಕೇಳದೆ ಮುಂದಕ್ಕೆ ಚಾಚಿ, ಕನ್ನಡಿಯ ಕೆಳಗಿನ ಗೋಡೆಯನ್ನು ಧಡ್ ಎಂದು ಒತ್ತಿತು. ತಿರುಗುವ ಕುರ್ಚಿ ತಿರುಗಿತು. ಕತ್ತಿ ಇದ್ದಲ್ಲೇ ಇತ್ತು. ಮೀಸೆ ಇರಲಿಲ್ಲ.

“ಏನಾತ್ರೀ ಸರ್ರ? ಕಾಲಿಗೆ ಜೋಮು ಹಿಡದಿತ್ತೇನು?”

“ಇಲ್ಲೋ ಮಲ್ಲಣ್ಣ. ಬ್ರೇಕ್ ಹಾಕಿದ್ನಿ.”

“ನಮ್ಮ ಕುರ್ಚಿಗೆ ಬ್ರೇಕ್ ಇಲ್ರೀ.”

(ಈ ಅಂಕಣದ ಮೇಲೆ ಅಚ್ಚಾಗುವ ಫೋಟೊದಲ್ಲಿ ಮೀಸೆ ಇದೆ. ಸದ್ಯಕ್ಕೆ ಅದನ್ನು ನಂಬಬೇಡಿ.)

ಕಾಲಿನ ಈ ಕಾಯಿಲೆ ಶುರುವಾದದ್ದು ಎಳ್ಳಮವಾಸ್ಯೆಯ ದಿನ, ಮಾನ್ವಿ ದಾಟಿ ಹಿರೇಕೊಟ್ನೆಕಲ್ ಕಡೆ ಹೋಗುವ ರಸ್ತೆಯಲ್ಲಿ. ಅಂದು ಕೂಡ ನಾನು ಪ್ರಾಣ ಹೋಗುವಂತೆ ಬ್ರೇಕ್ ಒತ್ತಿದ್ದೆ. ತೊಂದರೆ ಏನೆಂದರೆ, ನಾನು ಕೂತಿದ್ದ ಕಡೆಯಲ್ಲಿ ಬ್ರೇಕ್ ಇರಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. (ಶ್ರೀಮಂತರು ಅಂದುಕೊಳ್ಳಬೇಡಿ. ಒಂದನ್ನು ಯಾರೂ ಕೊಳ್ಳುತ್ತಿಲ್ಲ, ಅದಕ್ಕೇ ಇನ್ನೂ ಇದೆ.) ಹಳೆಯದು ನನ್ನದು. ಇಪ್ಪತ್ತು ವರ್ಷದ್ದು, ಬಿಳಿ ಬಣ್ಣದ್ದು, ಅಂದರೆ ಒಂದು ಕಾಲಕ್ಕೆ ಬಿಳಿ. ಹೊಸದು ನನ್ನ ಹೆಂಡತಿ ಗಿರಿಜಾಳದು. ಅವಳು ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಹದಿಮೂರು ವರ್ಷ ರಾಯಚೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು, ಹೋದ ವರ್ಷ “ಸಾಕ್ರೀ” ಅಂದಳು. ದೇವದುರ್ಗದಲ್ಲೇ ಡ್ರೈವಿಂಗ್ ಸ್ಕೂಲ್ ಸೇರಿದಳು, ಲೈಸೆನ್ಸ್ ತೆಗೆದುಕೊಂಡಳು, ಕಾರು ತಂದಳು. ನನ್ನನ್ನು ಕೇಳಿದ್ದು ಬಣ್ಣ ಮಾತ್ರ. ಅದನ್ನೂ ಕೇಳಿದ್ದಷ್ಟೇ, ತಂದದ್ದು ಬೇರೆ.

ಎರಡು ಕಾರಿಗೂ ವ್ಯತ್ಯಾಸ ಹಲವು. ಇವತ್ತಿನ ಮಾತಿಗೆ ಬೇಕಾದದ್ದು ಒಂದೇ. ಹೊಸದಕ್ಕೆ ಎಬಿಎಸ್ ಇದೆ. ಬ್ರೇಕನ್ನು ಜೋರಾಗಿ ಒತ್ತಿದಾಗ ಗಾಲಿಗಳು ಪೂರ್ತಿ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ. ಹಳೆಯದಕ್ಕೆ ಅದು ಇಲ್ಲ. ಹಳೆಯದಕ್ಕೆ ಹಾರ್ನ್ ಕೂಡ ಮನಸ್ಸು ಬಂದಾಗ ಮಾತ್ರ.

ಕಾರು ಎರಡಾದಂತೆ ಗುರುಗಳೂ ಇಬ್ಬರು.

ನನ್ನ ಗುರು ಹುಸೇನಪ್ಪ, ರೈಸ್ ಮಿಲ್ಲಿನ ಲಾರಿ ಡ್ರೈವರ್. ನಾನು ಡಿಗ್ರಿ ಓದುವಾಗ ಮಿಲ್ಲಿನ ಜೀಪಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದವನು. ಬ್ರೇಕಿನ ಬಗ್ಗೆ ಅವನ ಪಾಠ ಚಿಕ್ಕದು.

“ಬ್ರೇಕ್ ಅಂದ್ರ ಎಮ್ಮಿ ಮೊಲಿ ಇದ್ದಂಗಲೇ. ಗಟ್ಟಿ ಹಿಡಕೊಂಡು ಜಗ್ಗಿದ್ರ ಒದೀತದ. ಒತ್ತು, ಬಿಡು. ಒತ್ತು, ಬಿಡು. ಹಾಲೂ ಬರ್ತದ, ಗಾಡಿನೂ ನಿಂದ್ರತದ.”

ನಕ್ಕುಬಿಡಬೇಡಿ. ಆ ಕಾಲದ ಗಾಡಿಗೆ ಅದು ಚಿನ್ನದಂಥ ಪಾಠ. ಎಬಿಎಸ್ ಇಲ್ಲದ ಗಾಡಿಯಲ್ಲಿ ಒಮ್ಮೆಲೇ ಒತ್ತಿ ಹಿಡಿದರೆ ಗಾಲಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಗಾಲಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ನೀವು ಎತ್ತ ತಿರುಗಿಸಿದರೂ ಗಾಡಿ ತಾನು ಹೊರಟ ದಿಕ್ಕಿಗೇ ಜಾರಿಕೊಂಡು ಹೋಗುತ್ತದೆ. ಅದಕ್ಕೇ ಒತ್ತಿ ಬಿಡುವುದು. ಬಿಟ್ಟಾಗ ಗಾಲಿ ಉರುಳುತ್ತದೆ, ಉರುಳುವಾಗ ತಿರುಗುತ್ತದೆ.

ಗಿರಿಜಾಳ ಗುರು ರೇಣುಕಾ. ಅವಳದೇ ಹಳೇ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ಕೂತವಳು, ಈಗ ದೇವದುರ್ಗದಲ್ಲಿ ಡ್ರೈವಿಂಗ್ ಕಲಿಸುತ್ತಾಳೆ. “ಸೇಡು ತೀರಿಸ್ಕೊಳ್ಳಾಕತ್ಯಾಳ ನೋಡ್ರಿ” ಎಂದು ಗಿರಿಜಾ ನಗುತ್ತಿದ್ದಳು. ರೇಣುಕಾಳ ಪಾಠ ಹೀಗಿತ್ತು:

“ಮೇಡಂರೀ, ಈ ಗಾಡಿದಾಗ ಗಂಡಾಂತರ ಬಂದ್ರ ಇಷ್ಟ ನೆನಪಿಡ್ರಿ. ಜೋರು ಒತ್ರಿ, ಒತ್ತೇ ಹಿಡೀರಿ, ತಪ್ಪಿಸಿ ತಿರುಗಸ್ರಿ. ಪೆಡಲ್ ಗಡಗಡ ಅಂತದ, ಕಾಲಿಗೆ ಒದ್ದಂಗ ಆಗ್ತದ. ಅಂಜಿ ಕಾಲು ಎತ್ತಬ್ಯಾಡ್ರಿ. ಅದು ಕೆಟ್ಟಿರಂಗಿಲ್ಲ, ಕೆಲಸ ಮಾಡಾಕತ್ತಿರ್ತದ.”

ಗಿರಿಜಾ ಇದನ್ನು ಮನೆಗೆ ಬಂದು ನನಗೆ ಹೇಳಿದಾಗ ನಾನು ಏನಂದೆ ಗೊತ್ತೆ?

“ನಮ್ಮ ಹುಸೇನಪ್ಪ ದೇಶಾನೇ ಸುತ್ಯಾನ. ನಿಮ್ಮ ರೇಣುಕಾ ಎಲ್ಲಿ ಸುತ್ಯಾಳ, ದೇವದುರ್ಗದ ಬಸ್ ಸ್ಟ್ಯಾಂಡೇನು?”

ಈ ಜೋಕಿಗೆ ಮನೆಯಲ್ಲಿ ನಾನೊಬ್ಬನೇ ನಕ್ಕೆ.

ಎಳ್ಳಮವಾಸ್ಯೆಯ ಬೆಳಗ್ಗೆ ಗಿರಿಜಾಳ ಅಕ್ಕನ ಹೊಲಕ್ಕೆ ಹೊರಟೆವು. ಭೂಮಿತಾಯಿಗೆ ಎಡೆಯ ಅನ್ನದ ಚರಗ ಚೆಲ್ಲಿ, ಹೊಲದಲ್ಲೇ ಕೂತು ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ತಿನ್ನುವ ಹಬ್ಬ. ಹೊಸ ಕಾರು. ಸ್ಟೇರಿಂಗಿನಲ್ಲಿ ಗಿರಿಜಾ, ಪಕ್ಕದಲ್ಲಿ ನಾನು. ಕಲ್ಲೂರು ಬರುವಷ್ಟರಲ್ಲಿ ಹದಿನಾಲ್ಕು ಸಲಹೆ ಕೊಟ್ಟಿದ್ದೆನಂತೆ. ಗಣಿತದ ಮೇಡಂ, ಎಣಿಸಿದ್ದಾಳೆ. ಮಾನ್ವಿಯಲ್ಲಿ ಚಹಾ ಕುಡಿಯುವಾಗ ಹೇಳಿದಳು: “ರೀ, ನೀವು ಬಾಯಿಲೇ ಗಾಡಿ ಹೊಡ್ಯಾಕತ್ತೀರಿ. ನನಗ ಕೈಕಾಲಿಲೇ ಹೊಡ್ಯಾಕ ಬಿಡ್ರಿ.”

ಚಹಾ ಮುಗಿಯುವವರೆಗೆ ಸುಮ್ಮನಿದ್ದೆ. ಸಣ್ಣ ಗ್ಲಾಸು.

ಸುಗ್ಗಿಯಲ್ಲಿ ನಮ್ಮ ಕಡೆಯ ರಸ್ತೆಗಳು ಹೇಗಿರುತ್ತವೆ ಎಂದು ನಿಮಗೆ ಗೊತ್ತೇ ಇದೆ. ಕೊಯ್ದ ಭತ್ತ ಒಣಗಿಸಲು ಡಾಂಬರು ರಸ್ತೆಗಿಂತ ಒಳ್ಳೆಯ ಕಣ ಎಲ್ಲಿ ಸಿಗಬೇಕು? ಅರ್ಧ ರಸ್ತೆ ಭತ್ತಕ್ಕೆ, ಅರ್ಧ ರಸ್ತೆ ಗಾಡಿಗಳಿಗೆ, ನಡುವೆ ಗಡಿಗೆ ಒಂದು ಸಾಲು ಕಲ್ಲು. ಯಾರೂ ಬರೆದಿಡದ ಕಾನೂನು. ಬರೆದಿಟ್ಟ ಕಾನೂನುಗಳಿಗಿಂತ ಚೆನ್ನಾಗಿ ನಡೆಯುತ್ತದೆ. ಆ ಕಲ್ಲುಸಾಲು ದಾಟಿ ಭತ್ತದ ಮೇಲೆ ಗಾಲಿ ಹಾಯಿಸುವವನನ್ನು ಊರು ಕ್ಷಮಿಸುವುದಿಲ್ಲ.

ಹಿರೇಕೊಟ್ನೆಕಲ್ ಇನ್ನೂ ಸ್ವಲ್ಪ ದೂರವಿತ್ತು. ಎಡಭಾಗದ ಉದ್ದಕ್ಕೂ ಭತ್ತ. ಎಲ್ಲರಂತೆ ನಾವೂ ಬಲಭಾಗದಲ್ಲಿ ಹೋಗುತ್ತಿದ್ದೆವು. ಸ್ಪೀಡು ಐವತ್ತರ ಮೇಲಿತ್ತು. ಮುಂದೆ ಒಂದು ತಿರುವು. ತಿರುವಿನಾಚೆಯಿಂದ ಚೀಲ ಹೇರಿದ ಟ್ರ್ಯಾಕ್ಟರ್ ಬಂತು. ಅದು ತನ್ನ ಬದಿಯಲ್ಲೇ ಬರುತ್ತಿತ್ತು. ಅದರ ಬದಿಯಲ್ಲಿ ಇದ್ದವರು ನಾವು.

ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ಗಿರಿಜಾ ಬ್ರೇಕ್ ಒತ್ತಿ ಎಡಕ್ಕೆ ತಿರುಗಿಸಿದಳು. ಗಡಿಯ ಕಲ್ಲುಗಳು ಗಾಲಿಯಡಿ ಪಟಪಟ ಸಿಡಿದವು. ಕಾರು ಭತ್ತದ ಮೇಲೆ ಹತ್ತಿತು. ಟ್ರ್ಯಾಕ್ಟರ್ ನಮ್ಮ ಪಕ್ಕದಲ್ಲೇ ದಾಟಿಹೋಯಿತು. ಬದುಕಿದೆವು ಅಂದುಕೊಂಡೆ.

ಆಗ ಅಜ್ಜಿ ಕಂಡಳು.

ಭತ್ತದ ನಡುವೆ, ನಮಗೆ ಬೆನ್ನು ಮಾಡಿ, ಎರಡೂ ಪಾದಗಳನ್ನು ಎಳೆದೆಳೆದು ನಡೆಯುತ್ತಿದ್ದಳು. ಭತ್ತ ತಿರುವುವುದು ಹಾಗೆಯೇ. ಪಾದದಿಂದ ಸಾಲು ಹೊಡೆದರೆ ಕೆಳಗಿನ ಹಸಿ ಕಾಳು ಮೇಲೆ ಬರುತ್ತದೆ. ಹಸಿರು ಸೀರೆ. ಸೊಂಟದ ಮೇಲೆ ಒಂದು ಕೈ. ಟ್ರ್ಯಾಕ್ಟರಿನ ಸದ್ದಿನಲ್ಲಿ ನಮ್ಮ ಕಾರಿನ ಸದ್ದು ಅವಳಿಗೆ ಎಲ್ಲಿ ಕೇಳಬೇಕು?

ಒಣ ಭತ್ತದ ಮೇಲೆ ಕಾರು ನಿಲ್ಲುವುದಿಲ್ಲ ಸ್ವಾಮಿ. ಗೋಲಿಗಳ ಮೇಲೆ ಹಲಗೆ ಇಟ್ಟು ನೂಕಿದಂತೆ ಹೋಗುತ್ತದೆ. ಗಿರಿಜಾ ಪೂರ್ತಿ ಒತ್ತಿದ್ದಳು. ಪೆಡಲ್ ಗರಗರ ಅಂದಿತು. ಆ ನಡುಕ ಕಾರಿನ ನೆಲದ ಮೂಲಕ ನನ್ನ ಪಾದಕ್ಕೂ ಬಂತು. ಇಪ್ಪತ್ತು ವರ್ಷ ಹಳೇ ಕಾರು ಓಡಿಸಿದವನಿಗೆ ಅಂಥ ಸದ್ದಿಗೆ ಇರುವ ಅರ್ಥ ಒಂದೇ. ಏನೋ ಮುರಿಯಿತು.

ಕೂಗಿದೆ. “ಬಿಡು! ಬಿಡು! ಬಿಟ್ಟು ಒತ್ತು!”

ಗಿರಿಜಾಳ ಪಾದ ಪೆಡಲಿನಿಂದ ಎದ್ದದ್ದನ್ನು ನಾನು ನೋಡಿದೆ. ನನ್ನ ಕಣ್ಣು ಅಲ್ಲೇ ಇತ್ತು. ಎಷ್ಟು ಹೊತ್ತು? ಕಣ್ಣು ಮಿಟುಕಿಸುವಷ್ಟೂ ಅಲ್ಲ. ಅಷ್ಟರಲ್ಲಿ ಕಾರು ಮುಂದಕ್ಕೆ ನುಗ್ಗಿತು, ಹಸಿರು ಸೀರೆ ಗಾಜಿನ ತುಂಬ ದೊಡ್ಡದಾಯಿತು. ಈ ಸಾಲು ಬರೆಯುವಾಗಲೂ ಅದು ದೊಡ್ಡದಾಗುತ್ತಲೇ ಇದೆ. ಸೀರೆಯ ಅಂಚಿನಲ್ಲಿ ಒಂದು ಕಡೆ ಬಿಳಿ ದಾರದ ಹೊಲಿಗೆ ಇತ್ತು. ಅದು ಕೂಡ ಕಂಡಿತು.

ಅವಳು ಮತ್ತೆ ಒತ್ತಿದಳು. ಈ ಸಲ ಬಿಡಲಿಲ್ಲ. ಒತ್ತಿ ಹಿಡಿದೇ ಇನ್ನೂ ಎಡಕ್ಕೆ ತಿರುಗಿಸಿದಳು. ಗರಗರ ಅನ್ನುತ್ತಲೇ ಕಾರು ಮಾತು ಕೇಳಿತು. ಎಡಗಾಲಿಗಳು ರಸ್ತೆ ಇಳಿದವು, ಜಾಲಿಗಿಡ ನನ್ನ ಕಿಟಕಿಯನ್ನು ಉದ್ದಕ್ಕೆ ಗೀಚಿತು, ಕಾರು ನಿಂತಿತು.

ನನ್ನ ಕಡೆ ಜಾಲಿಮುಳ್ಳು. ಗಿರಿಜಾಳ ಕಡೆ, ಕನ್ನಡಿಗೆ ತಾಗಿಕೊಂಡು, ಅಜ್ಜಿಯ ಸೆರಗು.

ಕೆಳಗೆ ನೋಡಿಕೊಂಡೆ. ಕಾಲಡಿಯ ಮ್ಯಾಟು ಮಡಚಿ ಮೂಲೆ ಸೇರಿತ್ತು. ಬಲಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು. ಇಲ್ಲದ ಬ್ರೇಕನ್ನು ಯಾರಾದರೂ ಇಷ್ಟು ಜೋರಾಗಿ ಒತ್ತುತ್ತಾರೆಯೆ?

ಅಜ್ಜಿ ತಿರುಗಿ ನೋಡಿದಳು. ಕಾರು ನೋಡಿದಳು. ಆಮೇಲೆ ಕಾರಿನ ಹಿಂದೆ ಸೀಳಿಹೋದ ಭತ್ತ ನೋಡಿದಳು.

“ಯವ್ವಾ! ನೆಲ್ಲಿನ ಮ್ಯಾಲ ಗಾಡಿ ತಂದೀಯಲ್ಲಬೇ! ಮಿಲ್ಲಿಗೆ ಹಾಕಿದ್ರ ಇನ್ನ ಬರೇ ನುಚ್ಚ ಬರ್ತದ!”

ತನ್ನ ಜೀವ ಒಂದು ಗೇಣಿನಲ್ಲಿ ಉಳಿದದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಗಿರಿಜಾ ಬಾಗಿಲು ತೆಗೆದು ಇಳಿದವಳು ಭತ್ತದ ಮೇಲೆಯೇ ಕೂತುಬಿಟ್ಟಳು. ಅಜ್ಜಿಯ ದನಿ ಬದಲಾಯಿತು.

“ಯಾಕವ್ವಾ, ಮಾರಿ ಸುಣ್ಣ ಹಚ್ಚಿದಂಗ ಆಗ್ಯದ? ತಡಿ, ನೀರು ಕುಡಿ. ಹ್ವಾದ ನೆಲ್ಲು ಹೋಗಲಿ ಬಿಡು.”

ಜಾಲಿಯ ನೆರಳಲ್ಲಿಟ್ಟ ಕೊಡದಿಂದ ಚೊಂಬಿನಲ್ಲಿ ನೀರು ಕೊಟ್ಟು, ಗಿರಿಜಾಳ ಬೆನ್ನು ಸವರುತ್ತ ನಿಂತಳು. ಸಾಯಬೇಕಿದ್ದವಳು ಕೊಲ್ಲಬೇಕಿದ್ದವಳಿಗೆ ಸಮಾಧಾನ ಹೇಳುತ್ತಿದ್ದಳು.

ಅಷ್ಟರಲ್ಲಿ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ ಓಡಿಬಂದ. ಬಂದವನು ಮಾತಾಡಿಸಿದ್ದು ನನ್ನನ್ನು.

“ಅಲ್ರೀ ಸರ್ರ, ಇಂಥಾ ರಸ್ತೆದಾಗ ಹೆಣ್ಮಕ್ಕಳ ಕೈಯಾಗ ಗಾಡಿ ಕೊಡ್ತಾರೇನ್ರಿ?”

ನಾನು ಏನು ಹೇಳಬೇಕಿತ್ತು? ನಿಮಗೂ ಗೊತ್ತು. ಇವಳು ವರ್ಷದಿಂದ ದಿನಾ ರಾಯಚೂರು-ದೇವದುರ್ಗ ಓಡಿಸುವವಳು, ಈಗ ಎರಡು ಸಲ ನಮ್ಮೆಲ್ಲರ ಜೀವ ಉಳಿಸಿದವಳು 
ಎನ್ನಬೇಕಿತ್ತು. ನಾನು ಹೇಳಿದ್ದು ಇಷ್ಟು:

“ಹೊಸಬರದಾರ. ಇನ್ನ ಕಲ್ಯಾಕತ್ಯಾರ.”

ಮೇಲೊಂದು ನಗು. ಗಂಡಸರು ಗಂಡಸರಿಗೆ ಕೊಡುವ ನಗು. ಗಿರಿಜಾ ಚೊಂಬು ಹಿಡಿದುಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಅಲ್ಲಿಂದ ಹೊಲದವರೆಗೆ ನಾನೇ ಓಡಿಸಿದೆ. ಊಟಕ್ಕೆ ಕೂತಾಗ ಷಡ್ಡಕರ ಮುಂದೆ ಕಥೆಯನ್ನೂ ಓಡಿಸಿದೆ. ಟ್ರ್ಯಾಕ್ಟರ್ ಬಂತು, ಅಜ್ಜಿ ಬಂದಳು, ನಾನು ‘ಒತ್ತು’ ಅಂತ ಕೂಗಿದೆ, ಇವಳು ಒತ್ತಿದಳು, ಕಾರು ನಿಂತಿತು. “ಭಾಳ ಟೈಮಿಗೆ ಕೂಗಿದ್ರಿ ನೋಡ್ರಿ” ಎಂದು ಷಡ್ಡಕರು ಇನ್ನೊಂದು ಹೋಳಿಗೆ ಬಡಿಸಿದರು. ನಾನು ಕೂಗಿದ್ದರಲ್ಲಿ ‘ಒತ್ತು’ ಒಂದು ಸಲ ಇತ್ತು, ‘ಬಿಡು’ ಎರಡು ಸಲ ಇತ್ತು. ಕಥೆ ಚುರುಕಾಗಲಿ ಎಂದು ‘ಬಿಡು’ ತೆಗೆದಿದ್ದೆ. (ಅಂಕಣಕಾರರ ಚಟ. ಎಡಿಟಿಂಗ್.) ಆಗ ಅದರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ, ನಿಜವಾಗಿಯೂ ಇರಲಿಲ್ಲ.

ಗಿರಿಜಾ ಹೋಳಿಗೆ ಮುಟ್ಟಲಿಲ್ಲ.

ಮರುದಿನ ಅವಳು ಕಾರಿನ ಕೀಲಿಯನ್ನು ದೇವರ ಜಗಲಿಯ ಪಕ್ಕದ ಮೊಳೆಗೆ ತೂಗುಹಾಕಿ ಬಸ್ಸಿಗೆ ಹೋದಳು. ಅದರ ಮರುದಿನವೂ ಬಸ್ಸು. ಶನಿವಾರ ಸಾಲೆಯಿಂದ ಬಂದು ಚಪ್ಪಲಿ ಬಿಡುತ್ತ, ನನ್ನ ಕಡೆ ನೋಡದೆ ಹೇಳಿದಳು:

“ರೀ, ರೇಣುಕಾ ಅಷ್ಟು ಸಲ ಹೇಳಿದ್ಳು, ಕಾಲು ಎತ್ತಬ್ಯಾಡ್ರಿ ಅಂತ. ಎಲ್ಲಾ ಗೊತ್ತಿದ್ದೂ ಎತ್ತಿದ್ನೆಲ್ಲ ನಾ. ಯಾಕ ಎತ್ತಿದ್ನಿ? ಅದೊಂದು ನೆನಪಾಗವಲ್ದು. ತನ್ನಷ್ಟಕ್ಕ ಏಳೋ ಕಾಲನ್ನ ಕಟ್ಟಿಕೊಂಡು ನಾ ಗಾಡಿ ಹೆಂಗ ಹೊಡೀಲಿ?”

“ಗಾಬ್ರಿಯಾಗ ಆಗ್ತದ ಬಿಡು” ಅಂದೆ. ಅಂದು ಪೇಪರ್ ಓದಿದೆ. ಹಿಂದಿನ ದಿನದ ಪೇಪರ್.

ಅವಳಿಗೆ ನನ್ನ ಕೂಗು ಕೇಳಿರಲೇ ಇಲ್ಲ. ಕಿವಿಗೆ ಕೇಳಿಲ್ಲ, ಕಾಲಿಗೆ ಕೇಳಿದೆ.

ಭಾನುವಾರ ಕಾರಿನ ಗೀಚು ತೋರಿಸಲು, ಹುಸೇನಪ್ಪನನ್ನೂ ಬಲ್ಲ ಮಹಬೂಬ್ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ. ಅವನಿಗೂ ಕಥೆ ಹೇಳಿದೆ. ಡಾಕ್ಟರ ಹತ್ತಿರ, ಮೆಕ್ಯಾನಿಕ್ ಹತ್ತಿರ ಎಡಿಟಿಂಗ್ ನಡೆಯುವುದಿಲ್ಲವಲ್ಲ, ‘ಬಿಡು’ ಸೇರಿಸಿಯೇ ಹೇಳಿದೆ. ಮಹಬೂಬ್ ಸ್ಪ್ಯಾನರ್ ಕೆಳಗಿಟ್ಟು ನಕ್ಕ.

“ಅರೇ ಸರ್ರ, ಎಬಿಎಸ್ ಗಾಡಿದಾಗ ಯಾರಾರ ಪಂಪ್ ಮಾಡ್ತಾರೇನ್ರಿ? ನೀವು ಒಂದ್ ಸಲ ಒತ್ತಿ ಬಿಡೋದ್ರಾಗ ಅದು ತಾನ ಹತ್ತಾರು ಸಲ ಒತ್ತಿ ಬಿಟ್ಟಿರ್ತದ. ಗಡಗಡ ಅನ್ನೋದು ಅದ. ನಿಮ್ಮ ಹುಸೇನಪ್ಪ ಒಳಗ ಕುಂತಾನಂತ ತಿಳ್ಕೋರಿ. ಅಂವಾ ಕೆಲಸ ಮಾಡೋ ಮುಂದ ನೀವು ಕಾಲು ತಗದ್ರ, ಅಂವಾ ಏನನ್ನ ಒತ್ಬೇಕು?”

“ಹಂಗಂದ್ರ ಒತ್ತಿ ಹಿಡಿದ್ರ ಲಗೂ ನಿಂದ್ರತಿತ್ತೇನು?”

“ನೆಲ್ಲು, ಮರಳು, ಗರಸು ಇಂಥಾದ್ರ ಮ್ಯಾಲ ಎಬಿಎಸ್ ಇದ್ರೂ ಸ್ವಲ್ಪ ದೂರನ ಹೋಗ್ತದ್ರಿ. ಅದಕ್ಕ ಅಂಥಾ ಜಾಗಾದಾಗ ಮೊದಲ ಸಾವಕಾಶ ಹೋಗ್ಬೇಕು. ಎಬಿಎಸ್ ಇರೋದು ಗಾಡಿ ನಿಮ್ಮ ಕೈಯಾಗ ಇರಲಿ ಅಂತ, ತಿರುಗಿಸಿ ತಪ್ಪಿಸಾಕ ಬರಲಿ ಅಂತ. ಮೇಡಂ ಮಾಡ್ಯಾರಲ್ಲ, ಅದ. ಖರೇ ಹೇಳ್ಬೇಕಂದ್ರ ನಡುವ ಕಾಲು ಎತ್ತದಿದ್ರ ಆ ಮುದುಕಿಗೆ ಇನ್ನ ನಾಕ್ ಹೆಜ್ಜಿ ಜಾಗಾ ಉಳೀತಿತ್ತು.” ಆಮೇಲೆ ಕೇಳಿದ: “ಬಿಡ್ರಿ ಅಂತ ಕೂಗಿದ್ದು ಯಾರ್ರಿ?”

ಕಥೆಯಲ್ಲಿ ‘ಬಿಡು’ ಇತ್ತು, ಬಿಡು ಎಂದವನ ಹೆಸರು ಇರಲಿಲ್ಲ. ಸ್ವಲ್ಪ ಎಡಿಟಿಂಗ್ ನಡೆದಿತ್ತು.

“ಯಾರೋ” ಅಂದೆ.

ಕಾರಿನಲ್ಲಿ ಇದ್ದವರು ಇಬ್ಬರು. ಯಾರೋ!

ಅಲ್ಲಿಗೆ ನನಗೆ ಎಲ್ಲ ಗೊತ್ತಾಯಿತು. ಗೊತ್ತಾದ ಮೇಲೆ ಮನೆಗೆ ಹೋಗಿ ಹೇಳಿದೆನೆ? ಸೋಮವಾರ ಹೇಳೋಣ ಅಂದುಕೊಂಡೆ, ಸಾಲೆಗೆ ಹೋಗುವ ಗಡಿಬಿಡಿ. ಮಂಗಳವಾರ ಅವಳಿಗೆ ತಲೆನೋವು. ಬುಧವಾರ ನನಗೆ. ಎಂ.ಎ. ಓದಿದವನು ನಾನು, ನೆಪಗಳಿಗೆ ಬರವೆ? ಮೊಬೈಲಿನಲ್ಲಿ ಬ್ರೇಕಿನ ವಿಡಿಯೋ ನೋಡಿದ್ದೇ ನೋಡಿದ್ದು. ಹಿಮದ ಮೇಲೆ ಬ್ರೇಕ್ ಹಾಕುವುದು ಹೇಗೆ ಎಂದು ಕೂಡ ಈಗ ನನಗೆ ಗೊತ್ತು. ಹೆಂಡತಿಗೆ ಒಂದು ಸಾಲು ಹೇಳುವುದು ಹೇಗೆ ಎಂಬುದಕ್ಕೆ ವಿಡಿಯೋ ಸಿಗಲಿಲ್ಲ. ಅಷ್ಟೂ ದಿನ ಗಿರಿಜಾ ಬಸ್ಸಿನಲ್ಲಿ ನಿಂತು ಹೋದಳು, ನಿಂತು ಬಂದಳು.

ಶುಕ್ರವಾರ ಮೀಸೆ ಹೋಯಿತು. ಅರ್ಧವನ್ನು ಮಲ್ಲಣ್ಣ ತೆಗೆದ ಮೇಲೆ ಉಳಿದರ್ಧವನ್ನು ನಾನೇ ತೆಗೆಸಿದೆ. ಮನೆಗೆ ಹೋದಾಗ ಗಿರಿಜಾ ಒಂಬತ್ತು ದಿನಗಳಲ್ಲಿ ಮೊದಲ ಸಲ ನಕ್ಕಳು. ಕಾರಣ ಕೇಳಿದಳು. ಹೇಳಿದೆ. ನಗು ನಿಂತಿತು.

“ಅಯ್ಯ, ನಿಮ್ಮ ಕಾಲೂ ನನ್ನ ಕಾಲಿನಂಗ ಆಗ್ಯದೇನ್ರೀ? ನನ್ನಿಂದ ನಿಮಗೂ ಇದು ಬಂತು ನೋಡ್ರಿ.”

ನನ್ನಿಂದ! ಇದಕ್ಕಿಂತ ಅವಳು ಎರಡು ಬೈದಿದ್ದರೆ ಒಳ್ಳೆಯದಿತ್ತು.

ಆಗಲೂ ಬಾಯಿ ಬರಲಿಲ್ಲ. ನನ್ನೊಳಗಿನ ಹೇಡಿ ಒಂದು ಉಪಾಯ ಹೂಡಿದ. ಮಹಬೂಬ್ ಮೇಸ್ತ್ರಿ ಬ್ರೇಕ್ ಪರೀಕ್ಷೆ ಮಾಡಿ ತೋರಿಸುತ್ತಾನೆ, ಭಾನುವಾರ ಸುಮ್ಮನೆ ನೋಡಲು ಬಾ ಅಂದೆ. ಹೇಳಬೇಕಾದದ್ದನ್ನು ಅವನೇ ಹೇಳಿಬಿಡಲಿ ಎಂಬ ಆಸೆ.

ಊರ ಹೊರಗೆ ಮುಚ್ಚಿರುವ ಹತ್ತಿ ಮಿಲ್ಲಿನ ದೊಡ್ಡ ಅಂಗಳ. ಎರಡೂ ಕಾರು ತಂದೆವು. ಮಹಬೂಬ್ ನೆಲಕ್ಕೆ ಭತ್ತದ ಹೊಟ್ಟು ಚೆಲ್ಲಿ, ಹೊಟ್ಟು ತುಂಬಿದ ಗೋಣಿಚೀಲವೊಂದನ್ನು ನಡುವೆ ನಿಲ್ಲಿಸಿದ. ಚೀಲ ಸುಮಾರು ಅಜ್ಜಿಯಷ್ಟೇ ಎತ್ತರ ಇತ್ತು. ಗಿರಿಜಾ ದೂರದ ಕಟ್ಟೆಯ ಮೇಲೆ ಕೂತಳು.

ಮೊದಲು ನನ್ನ ಹಳೇ ಕಾರು. ಮಹಬೂಬ್ ಒತ್ತಿ ಹಿಡಿದ. ಗಾಲಿ ಕಚ್ಚಿದವು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಕಾರು ನೇರವಾಗಿ ಜಾರಿ ಚೀಲಕ್ಕೆ ಗುದ್ದಿತು. ಎರಡನೇ ಸಲ ಹುಸೇನಪ್ಪನ ಪದ್ಧತಿ, ಒತ್ತು, ಬಿಡು. ಕಾರು ತಿರುಗಿತು, ಚೀಲ ಉಳಿಯಿತು. ನನ್ನ ಗುರುವಿನ ಮಾನವೂ ಉಳಿಯಿತು.

“ಈಗ ಹೊಸದು. ಸರ್ರ, ನೀವ ಬರ್ರಿ. ನಿಮ್ಮ ಪದ್ಧತಿಲೇ ಹೊಡೀರಿ.”

ಹೋದೆ. ನಲವತ್ತರಲ್ಲಿ ಬಂದು ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ಚೀಲ ಸತ್ತಿತು. ಇನ್ನೊಮ್ಮೆ ಅಂದೆ. ಇನ್ನೊಂದು ಚೀಲ ಸತ್ತಿತು. ಮೂರನೆಯದು ಬಾನೆಟ್ಟಿನ ಮೇಲೆ ಹಾರಿ ಗಾಜಿಗೆ ಬಡಿದು ಒಡೆಯಿತು. ಗಾಜಿನ ತುಂಬ ಹೊಟ್ಟು. ಒಂದು ಗಳಿಗೆ ನನಗೆ ಏನೂ ಕಾಣಲಿಲ್ಲ. ಅಂದರೆ, ಹಸಿರು ಸೀರೆ ಕಂಡಿತು.

“ಈಗ ಮೇಡಂ ಪದ್ಧತಿ” ಅಂದ ಮಹಬೂಬ್, ನಾಲ್ಕನೇ ಚೀಲ ನಿಲ್ಲಿಸುತ್ತ. “ಕ್ಲಚ್ಚು, ಬ್ರೇಕು ಎರಡೂ ಒತ್ರಿ. ಒತ್ತೇ ಹಿಡೀರಿ. ಕಣ್ಣು ಚೀಲದ ಮ್ಯಾಲ ಬ್ಯಾಡ, ಹೋಗಬೇಕಾದ ಕಡೀಗಿರಲಿ.”

ಒತ್ತಿದೆ. ಪೆಡಲ್ ಗಡಗಡ ಅಂತ ಒದೆಯಿತು. ಕಾಲು ತಾನಾಗಿ ಎದ್ದುಬರಲು ಎಷ್ಟು ಒದ್ದಾಡಿತು ಅಂತೀರಿ! ಹಲ್ಲು ಕಚ್ಚಿ ಹಿಡಿದೆ, ತಿರುಗಿಸಿದೆ. ಕಾರು ಚೀಲದ ಪಕ್ಕ ಹಾವಿನಂತೆ ಸರಿದು ನಿಂತಿತು. ಚೀಲಕ್ಕೆ ಏನೂ ಆಗಿರಲಿಲ್ಲ.

ಮಹಬೂಬ್ ಇನ್ನೇನು ಬಾಯಿ ತೆರೆಯುವವನಿದ್ದ. ನಾನು ಇಳಿದು ಕಟ್ಟೆಯ ಹತ್ತಿರ ನಡೆದೆ. ಮೂರು ಹೆಣ ಬೀಳಿಸಿದ ಮೇಲೆ ಇನ್ನೊಬ್ಬನಿಂದ ಹೇಳಿಸುವುದು ಹೇಗೆ?

“ಗಿರಿಜಾ, ಅವತ್ತು ನಿನ್ನ ಕಾಲು ತಾನಾಗಿ ಎದ್ದಿಲ್ಲ. ಎಬ್ಬಿಸಿದಂವಾ ನಾ. ‘ಬಿಡು, ಬಿಡು’ ಅಂತ ಕೂಗಿದ್ನಿ.”

ಅವಳು ತನ್ನ ಬಲಗಾಲು ನೋಡಿಕೊಂಡಳು.

“ಹನ್ನೊಂದು ದಿವಸದಿಂದ ನಾ ಈ ಕಾಲಿಗೆ ಬೈಯಾಕತ್ತೀನ್ರೀ.”

ಆಮೇಲೆ ಕೇಳಿದಳು: “ನಿಮಗ ಯಾವಾಗ ಗೊತ್ತಾತು?”

“ಹೋದ ಐತವಾರ.”

“ಅಂದ್ರ ಆರು ದಿವಸ ನಾ ಬಸ್ಸಿನಾಗ ನಿಂತಿದ್ದು ನಿಮ್ಮ ಲೆಕ್ಕ.”

“ಹೂಂ.”

“ಹೊಲದಾಗ ‘ಒತ್ತು ಅಂದ್ನಿ’ ಅಂತ ಹೇಳಿ ಎಷ್ಟು ಹೋಳಿಗೆ ತಿಂದ್ರಿ?”

“ನಾಕು.”

ಮಹಬೂಬ್ ಇದ್ದಕ್ಕಿದ್ದಂತೆ ಹೊಟ್ಟು ಗುಡಿಸುವುದರಲ್ಲಿ ಮಗ್ನನಾದ.

ಗಿರಿಜಾ ಎದ್ದು, ನನ್ನ ಕೈಯಿಂದ ಕೀಲಿ ಕಸಿದುಕೊಂಡು ಹೋಗಿ ಕಾರು ಹತ್ತಿದಳು. ಮೂರು ಸಲ ಬಂದಳು. ನಲವತ್ತರಲ್ಲಿ, ಐವತ್ತರಲ್ಲಿ, ಕೊನೆಗೆ ನಾನು ಕಣ್ಣು ಮುಚ್ಚಿಕೊಂಡ ಸ್ಪೀಡಿನಲ್ಲಿ. ಮೂರು ಸಲವೂ ಒತ್ತಿದ ಕಾಲು ಒತ್ತಿದಂತೆಯೇ ಇತ್ತು. ಒಂದು ಚೀಲವೂ ಬೀಳಲಿಲ್ಲ. “ಮೇಡಂ ಚೀಲಕ್ಕ ನೂರು ವರ್ಷ ಆಯುಷ್ಯ ಕೊಟ್ರು” ಅಂದ ಮಹಬೂಬ್. ಡ್ಯಾಶ್‌ಬೋರ್ಡಿನ ಎಬಿಎಸ್ ದೀಪ ತೋರಿಸಿ ಮತ್ತೊಂದು ಮಾತು ಹೇಳಿದ, ನಿಮಗೂ ಉಪಯೋಗಕ್ಕೆ ಬಂದೀತು: “ಗಾಡಿ ಚಾಲೂ ಮಾಡಿದಾಗ ಈ ದೀಪ ಹತ್ತಿ ಆರಬೇಕು. ಆರಲಿಲ್ಲಂದ್ರ ಒಳಗಿನ ಹುಸೇನಪ್ಪ ರಜಾ ಹಾಕ್ಯಾನಂತ ತಿಳ್ಕೋರಿ. ಆವಾಗ ಸರ್ ಪದ್ಧತಿ.”

ವಾಪಸು ಬರುವಾಗ ಗಿರಿಜಾ ಒಂದೇ ಷರತ್ತು ಹಾಕಿದಳು.

“ಆ ಟ್ರ್ಯಾಕ್ಟರಿನಂವಗ ನಾ ಇನ್ನ ಕಲ್ಯಾಕತ್ತೀನಿ ಅಂತ ಹೇಳೀರಿ. ಭಾವಾರಿಗೆ ನೀವ ನಿಂದ್ರಿಸಿದ್ರಿ ಅಂತ ಹೇಳೀರಿ. ಭಾವಾರು ಪ್ರತಿ ವಾರ ನಿಮ್ಮ ಅಂಕಣ ಓದ್ತಾರಲ್ಲ? ಅದರಾಗ ಬರೀರಿ. ಎಡಿಟಿಂಗ್ ಬ್ಯಾಡ.”

ಬರೆದಿದ್ದೇನೆ. ಷಡ್ಡಕರೇ, ಆ ನಾಲ್ಕು ಹೋಳಿಗೆ ಗಿರಿಜಾಳಿಗೆ ಸೇರಬೇಕಾದದ್ದು. ಟ್ರ್ಯಾಕ್ಟರಣ್ಣ, ನೀನು ಈ ಪೇಪರ್ ಓದುತ್ತೀಯೋ ಇಲ್ಲವೋ, ಅಂದು ಗಾಡಿ ಇದ್ದದ್ದು ಸರಿಯಾದ ಕೈಯಲ್ಲೇ. ಹುಸೇನಪ್ಪನ ಪಾಠದಲ್ಲಿ ತಪ್ಪಿಲ್ಲ, ರೇಣುಕಾಳ ಪಾಠದಲ್ಲೂ ತಪ್ಪಿಲ್ಲ. ಯಾವ ಕಾರಿನಲ್ಲಿ ಕೂತಿದ್ದೇನೆ ಎಂದು ನೋಡದೆ ಕೂಗಿದವನದು ತಪ್ಪು.

ಸೋಮವಾರ ನಾನು ರಜೆ ಹಾಕಿ ಅವಳ ಜೊತೆ ದೇವದುರ್ಗಕ್ಕೆ ಹೋದೆ. ಒಂದು ಕಡೆ ರಸ್ತೆಯ ಮೇಲೆ ಭತ್ತ ಇತ್ತು, ಕಲ್ಲುಸಾಲು ಇತ್ತು, ಮುಂದೆ ತಿರುವು ಇತ್ತು. ಗಿರಿಜಾ ಬಹಳ ಮೊದಲೇ ಸ್ಪೀಡು ಇಳಿಸಿ, ಹಾರ್ನ್ ಹೊಡೆದು, ಎದುರಿನ ಲಾರಿಗೆ ದಾರಿ ಬಿಟ್ಟು ಆರಾಮಾಗಿ ನಿಂತಳು. ನನ್ನ ಬಲಗಾಲು ಆಗಲೇ ಮ್ಯಾಟನ್ನು ಒತ್ತಿ ಹಿಡಿದಿತ್ತು. ನಾಲಿಗೆಯ ತುದಿಗೆ ಹದಿನೈದನೇ ಸಲಹೆ ಬಂದು ಗಡಗಡ ಅನ್ನುತ್ತಿತ್ತು. ತುಟಿ ಒತ್ತಿದೆ. ಒತ್ತೇ ಹಿಡಿದೆ. ದೇವದುರ್ಗ ಬರುವವರೆಗೂ ಬಿಡಲಿಲ್ಲ.

ಕಾರು ಕಲಿತು ಮೂವತ್ತು ವರ್ಷವಾಯಿತು, ಈ ಬ್ರೇಕ್ ಒಂದನ್ನು ನನಗೆ ಯಾರೂ ಯಾಕೆ ಕಲಿಸಿರಲಿಲ್ಲ?